ಚಿಂದಿ ಪಂಚಕ ಮೀಮಾಂಸೆ

ಲಾಸ್ ವೇಗಸ್ಸಿನ ವಿಡಿಯೊ ಪೋಕರ್ ಯಂತ್ರದ ಮುಂದೆ ಕೂತವರೆಲ್ಲ ಜಪಿಸುವುದು ರಾಯಲ್ ಫ್ಲಶ್ಶನ್ನು: ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ಇದಕ್ಕಿಂತ ಅಪರೂಪದ ಕೈ ಇಲ್ಲವೆಂಬುದು ಲೋಕರೂಢಿ. ಲೋಕರೂಢಿಗೆ ಲೆಕ್ಕ ಬರುವುದಿಲ್ಲ. 52 ಎಲೆಗಳಲ್ಲಿ ಐದೈದನ್ನು ಆರಿಸಿದರೆ ಆಗುವ ಕೈಗಳು 25,98,960. ಅವುಗಳಲ್ಲಿ ರಾಯಲ್ ಫ್ಲಶ್ ನಾಲ್ಕು, ಅಂದರೆ 6,49,740ಕ್ಕೆ ಒಂದು. ಈಗ ಕಳಾವರ್ ಎರಡು, ಡೈಮನ್ ನಾಲ್ಕು, ಇಸ್ಪೀಟು ಏಳು, ಆಟೀನು ಒಂಬತ್ತು, ಡೈಮನ್ ಹತ್ತು, ಈ ಐದನ್ನು ಗಮನಿಸಿ. ಇಡೀ ಕಟ್ಟಿನಲ್ಲಿ ಇಂಥ ಕೈ ಒಂದೇ ಒಂದು. ರಾಯಲ್ಲಿಗಿಂತ ನಾಲ್ಕು ಪಟ್ಟು ದುರ್ಲಭ. ಇದಕ್ಕೆ 'ಚಿಂದಿ ಪಂಚಕ' ಎಂದು ನಾಮಕರಣ ಮಾಡಿದ್ದೇವೆ. ಆಟಗಾರನೋ, ಇದನ್ನು ಕಂಡೊಡನೆ ಮುಖ ಸಿಂಡರಿಸಿ ಐದನ್ನೂ ಎಸೆದುಬಿಡುತ್ತಾನೆ. ಅಂಗಳಕ್ಕೆ ಬಂದ ಐರಾವತವನ್ನು ಎಮ್ಮೆಯೆಂದು ಅಟ್ಟಿದ ಹಾಗೆ.

ಇಲ್ಲಿ ಪೂರ್ವಪಕ್ಷ: ಎಲೆ ಬದಲಿಸಿಕೊಳ್ಳುವ ಆಟಕ್ಕೆ ಈ ಲೆಕ್ಕ ಸಲ್ಲದು. ಸರಿಯೇ. ಹಾಕಿದ ಒಂದು ನಾಣ್ಯಕ್ಕೆ ಫುಲ್‌ಹೌಸಿಗೆ (ಒಂದೇ ಬೆಲೆಯ ಮೂರೆಲೆ, ಜೊತೆಗೊಂದು ಜೋಡಿ) 9, ಫ್ಲಶ್ಶಿಗೆ (ಐದೂ ಒಂದೇ ಜಾತಿ) 6 ನಾಣ್ಯ ಕೊಡುವ ಯಂತ್ರದಲ್ಲಿ ತಪ್ಪಿಲ್ಲದೆ ಆಡಿದರೆ ರಾಯಲ್ ಸುಮಾರು 40,390 ಕೈಗಳಿಗೊಮ್ಮೆ ಬರುತ್ತದೆ. ಹಾಗಾದರೆ ಅದು ನಾವೆಣಿಸಿದ್ದಕ್ಕಿಂತ ಹದಿನಾರು ಪಟ್ಟು ಅಗ್ಗವಾಯಿತಷ್ಟೆ. ಆಕ್ಷೇಪಕರಿಗೆ ನಾವು ಋಣಿ. ಚಿಂದಿಗೆ ನೆಂಟರು ಬಹಳ, ಜೋಡಿಯೂ ಸಾಲೂ ಫ್ಲಶ್ಶೂ ಕೂಡದ ಕೈಗಳೇ 13,02,540, ಅರ್ಧಕ್ಕಿಂತ ಹೆಚ್ಚು ಎನ್ನುವವರೂ ಇದ್ದಾರೆ. ನೆಂಟರು ಹೆಚ್ಚೆಂದು ಯಾರ ಮುಖವೂ ಎರಡಾಗದು. ನಿಜವಾಗಿ ಚುಚ್ಚುವ ಆಕ್ಷೇಪ ಇನ್ನೊಂದಿದೆ: ಮಗು ಹುಟ್ಟಿದ ಮೇಲೆ ಗಂಡೆಂದು ಭವಿಷ್ಯ ನುಡಿದ ಜೋಯಿಸರಂತೆ, ಕೈಯನ್ನು ನೋಡಿದ ಮೇಲೆ ನೀವು ಅದಕ್ಕೆ ಹೆಸರಿಟ್ಟಿರಿ. ಒಪ್ಪಿದೆವು. ಅಪರೂಪವೆಂಬುದು ಎಲೆಯಲ್ಲಿಲ್ಲ, ಮೊದಲೇ ಹೆಸರಿಸಿ ಕಾಯುವುದರಲ್ಲಿದೆ. ರಾಯಲ್ಲಿನ ಪುಣ್ಯವೆಂದರೆ ಅದರ ಹೆಸರು ಬಹುಮಾನದ ಪಟ್ಟಿಯಲ್ಲಿ ಮೊದಲೇ ಅಚ್ಚಾಗಿತ್ತು. ಚಿಂದಿಯದು ಇದೀಗ ಅಚ್ಚಾಯಿತು. ಇನ್ನು ಮುಂದೆ ತಕರಾರಿಲ್ಲ.

40,390 ಕೈ ಆಡಿಯಾಯಿತು, ಯಂತ್ರ ನನಗೊಂದು ರಾಯಲ್ ಬಾಕಿ ಇಟ್ಟುಕೊಂಡಿದೆ ಎಂದು ಕೂತವರಿಗೆ ಒಂದು ಮಾತು: ಅಷ್ಟು ಆಡಿದ ನೂರು ಜನರಲ್ಲಿ ಸುಮಾರು 37 ಮಂದಿ ಅದರ ಮುಖವನ್ನೇ ಕಂಡಿರುವುದಿಲ್ಲ. ಯಂತ್ರ ಖಾತೆ ಪುಸ್ತಕ ಇಡುವುದಿಲ್ಲ. ಐದು ನಾಣ್ಯ ಹಾಕಿದ ರಾಯಲ್ಲಿಗೆ 4,000 ನಾಣ್ಯ ಸಲ್ಲುವಾಗ ಚಿಂದಿಗೆ 16,000 ಸಲ್ಲಬೇಕಾದ್ದು ನ್ಯಾಯ. ಯಂತ್ರದ ಮಾಲೀಕರು ಒಪ್ಪುವವರೆಗೂ, ಓದುಗರೇ, ಕಳಾವರ್ ಎರಡು ಕಂಡ ಕೂಡಲೇ ದಯವಿಟ್ಟು ಎಸೆಯಬೇಡಿ. ಮಿಕ್ಕ ನಾಲ್ಕನ್ನೂ ಒಮ್ಮೆ ನೋಡಿ.