ಷಡ್ಡಕರ ವಾಚನ ಮಾಸ

ನನ್ನ ಷಡ್ಡಕರಿಗೆ ಓದುವ ಚಟ ಮಾತ್ರ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಓದಿದ್ದರ ಲೆಕ್ಕ ಒಪ್ಪಿಸುವ ಚಟವೂ ಇದೆ.

ತಿಂಗಳ ಕೊನೆಗೆ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ, ಫೋಟೊ ತೆಗೆದು, ಸ್ಟೇಟಸ್‌ಗೆ ಹಾಕುವವರು ನಿಮ್ಮ ಬಳಗದಲ್ಲೂ ಒಬ್ಬರಾದರೂ ಇರುತ್ತಾರೆ. ಅಂಥವರಿಂದ ಪಾರಾಗುವುದು ಸುಲಭ. ಹೆಬ್ಬೆರಳು ಒತ್ತಿ ಮುಂದಕ್ಕೆ ಹೋದರಾಯಿತು. ನಮ್ಮವರು ಫೋಟೊ ಹಾಕುವುದಿಲ್ಲ, ಎದುರಿಗೆ ಕೂರಿಸಿಕೊಂಡು ಹೇಳುತ್ತಾರೆ. ಆ ಎದುರಿಗೆ ಕೂರುವ ಪ್ರಾಣಿ ಸಾಮಾನ್ಯವಾಗಿ ನಾನು.

ಬ್ಯಾಂಕಿನಲ್ಲಿದ್ದವರು. ವಯನಾಡಿನ ಸುಲ್ತಾನ್ ಬತ್ತೇರಿಗೆ ವರ್ಗವಾಗಿ ಹೋದವರು, ಒಂದಿಷ್ಟು ಕಾಫಿ, ಮೆಣಸಿನ ಬಳ್ಳಿ ಮಾಡಿಕೊಂಡು ಅಲ್ಲೇ ಉಳಿದರು. ನಿವೃತ್ತಿಯಾದ ಮೇಲೆ ಬ್ಯಾಂಕು ಅವರನ್ನು ಬಿಟ್ಟಿತು, ಅವರು ಬ್ಯಾಂಕನ್ನು ಬಿಡಲಿಲ್ಲ. ಉದ್ದನೆಯ ನೋಟ್‌ಬುಕ್ಕಿಗೆ ಅಡಿಕೋಲು ಇಟ್ಟು ಗೆರೆ ಹೊಡೆದಿದ್ದಾರೆ: ತಾರೀಖು, ಪುಸ್ತಕ, ಪುಟ, ಷರಾ. ಅರ್ಧಕ್ಕೆ ನಿಂತ ಪುಸ್ತಕ ‘ಹಿಂದಿನ ತಿಂಗಳಿಂದ ತಂದ ಬಾಕಿ’ ಎಂದು ಮುಂದಿನ ಹಾಳೆಯ ತಲೆಗೆ ಏರುತ್ತದೆ.

ಇಂಥವರಿಗೆ ಕೇರಳದಂಥ ರಾಜ್ಯ ಸಿಗಬಾರದಿತ್ತು. ಪಿ. ಎನ್. ಪಣಿಕ್ಕರ್ ಎಂಬ ಮಹಾನುಭಾವರು 1945ರಲ್ಲಿ ನಲವತ್ತೇಳು ಗ್ರಂಥಾಲಯಗಳನ್ನು ಸೇರಿಸಿ ತಿರುವಾಂಕೂರಿನಲ್ಲಿ ಒಂದು ಸಂಘ ಕಟ್ಟಿದರು. ಅದು ಬೆಳೆದು ಕೇರಳದ ಗ್ರಂಥಶಾಲಾ ಸಂಘವಾಗಿ, 1975ರಲ್ಲಿ ಯುನೆಸ್ಕೊದ ಕ್ರುಪ್ಸ್ಕಾಯ ಪ್ರಶಸ್ತಿಯನ್ನೂ ಪಡೆಯಿತು. ಪಣಿಕ್ಕರ್ ತೀರಿಕೊಂಡದ್ದು 1995ರ ಜೂನ್ 19ರಂದು. ಮರುವರ್ಷದಿಂದ ಆ ದಿನ ವಾಚನ ದಿನ. ಅಲ್ಲಿಂದ ಜುಲೈ 18ರವರೆಗೆ ವಾಚನ ಮಾಸ. ಇಡೀ ರಾಜ್ಯವೇ ಓದುವುದಕ್ಕೆ ಒಂದು ತಿಂಗಳು ಗೊತ್ತುಮಾಡಿದ ಮೇಲೆ ನಮ್ಮವರನ್ನು ಹಿಡಿಯುವವರು ಯಾರು? ಬೇರೆಯವರ ತಿಂಗಳು ಒಂದನೇ ತಾರೀಖಿಗೆ ಹುಟ್ಟಿದರೆ ಇವರದು ಹತ್ತೊಂಬತ್ತಕ್ಕೆ.

ಅದು ಸರಿಯಾಗಿ ಮುಂಗಾರಿನ ಕಾಲ. ವಯನಾಡಿನ ಮಳೆಯಲ್ಲಿ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಬೆಲ್ಟಿಗೆ ಹಿಡಿಯುತ್ತದೆ, ಪುಸ್ತಕ ಯಾವ ಲೆಕ್ಕ. ಹಾಳೆ ಹಾಳೆಗೆ ಅಂಟಿಕೊಳ್ಳುತ್ತದೆ. ಷಡ್ಡಕರು ಪುಸ್ತಕದ ಬೀರುವಿನೊಳಗೆ ಹಗಲೂ ರಾತ್ರಿ ಒಂದು ಬಲ್ಬು ಉರಿಸುತ್ತಾರೆ. ಅತ್ತಿಗೆ ಕೂರುವ ಕೋಣೆಯ ಬಲ್ಬು ಹೋಗಿ ಎಷ್ಟೋ ದಿನವಾದರೂ ಬೀರುವಿನದು ಕೆಟ್ಟದ್ದನ್ನು ನಾನು ನೋಡಿಲ್ಲ.

ಪುಸ್ತಕ ಸಾಗಿಸುವ ಕೂಲಿ ನಾನೇ. ಮೈಸೂರಿನಿಂದ ಹೋಗುವಾಗ ಅವರ ಪಟ್ಟಿಯ ಪ್ರಕಾರ ಕಟ್ಟು ಒಯ್ಯಬೇಕು. ಒಮ್ಮೆ ನನ್ನ ದುರದೃಷ್ಟಕ್ಕೆ ಜುಲೈ 18ರಂದೇ ಹೋದೆ. ಸಂಜೆ ನಾಲ್ಕಕ್ಕೆ ಕಾಫಿ ಕುಡಿದು ಹೊರಡುವುದೆಂದು ಲೆಕ್ಕ. ಕಾಫಿಯ ಜೊತೆಗೆ ನೋಟ್‌ಬುಕ್ಕೂ ಬಂತು.

ಮೊದಲು ಪಿ. ವತ್ಸಲಾ ಅವರ ‘ನೆಲ್ಲ್’. ತಿರುನೆಲ್ಲಿಯ ಕಾದಂಬರಿ ಎಂದು ಇವರು ತಿರುನೆಲ್ಲಿಗೇ ಹೋಗಿ ತಾಳೆ ನೋಡಿ ಬಂದಿದ್ದರು. ಆಮೇಲೆ ಎಸ್. ಕೆ. ಪೊಟ್ಟೆಕ್ಕಾಟ್ಟರ ‘ವಿಷಕನ್ಯಕ’. ತಿರುವಾಂಕೂರಿನಿಂದ ಮಲಬಾರಿಗೆ ಭೂಮಿ ಹುಡುಕಿಕೊಂಡು ಬಂದು, ಕಾಡಿಗೂ ಮಲೇರಿಯಾಕ್ಕೂ ಸಿಕ್ಕಿದವರ ಕಥೆ. ಅಲ್ಲಿಂದ ಮಾತು ಇಂದಿನ ವಯನಾಡಿನವರು ನಮ್ಮ ಎಚ್.ಡಿ. ಕೋಟೆ, ಗುಂಡ್ಲುಪೇಟೆಗಳಲ್ಲಿ ಗುತ್ತಿಗೆಗೆ ಜಮೀನು ಹಿಡಿದು ಶುಂಠಿ ಹಾಕುವುದಕ್ಕೆ ಹೊರಳಿತು. ಶುಂಠಿಯ ಧಾರಣೆ ಮುಗಿಯುವಾಗ ಗಂಟೆ ಆರೂವರೆ. ನಾನು ಎದ್ದೆ. “ಕೂತ್ಕೊಳ್ಳಯ್ಯಾ, ಕುವೆಂಪು ಇನ್ನೂ ಬಾಕಿ.”

‘ಮಲೆಗಳಲ್ಲಿ ಮದುಮಗಳು’ ಬಾಕಿ ಇದೆ ಎಂದರೆ ಏನೆಂದು ಓದಿದವರಿಗೆ ಗೊತ್ತು. ತೀರ್ಥಹಳ್ಳಿ ಕಡೆಯ ಮಳೆ ದೊಡ್ಡದೋ ವಯನಾಡಿನ ಮಳೆ ದೊಡ್ಡದೋ ಎಂಬ ಜಿಜ್ಞಾಸೆಯಲ್ಲಿ ಗಂಟೆ ಎಂಟೂವರೆಯಾಯಿತು. ಬಂಡೀಪುರದ ಹೆದ್ದಾರಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್. ಆನೆ, ಜಿಂಕೆಗಳು ನೆಮ್ಮದಿಯಾಗಿ ರಸ್ತೆ ದಾಟಲಿ ಎಂದು ಮಾಡಿದ ಕಾನೂನು. ಅದರಿಂದ ನನ್ನ ಷಡ್ಡಕರಿಗೆ ಆಗಿರುವ ಉಪಕಾರ ಯಾವ ಆನೆಗೂ ಆಗಿಲ್ಲ. ಕುಟ್ಟ, ಗೋಣಿಕೊಪ್ಪ ಸುತ್ತಿ ಹೋಗುತ್ತೇನೆಂದೆ. “ಈ ಮಳೆಯಲ್ಲಾ?” ಎಂದು ನನ್ನ ಚಪ್ಪಲಿಯನ್ನು ಒಳಗೆ ತೆಗೆದಿಟ್ಟರು.

ಊಟವಾದ ಮೇಲೆ ನೋಟ್‌ಬುಕ್ಕು ನನ್ನ ಕೈಗೆ ಸಿಕ್ಕಿತು. ಜುಲೈ 15 ದಾಟಿದ ಮೇಲೆ ದಪ್ಪ ಪುಸ್ತಕ ಒಂದೂ ಇಲ್ಲ! ತಿಂಗಳ ಮೊತ್ತ ಏರಿಸಲು ಕೊನೆಯ ಮೂರು ದಿನ ಸಣ್ಣವನ್ನೇ ಹಿಡಿದಿದ್ದಾರೆ. ‘ಕರ್ವಾಲೊ’ ಪ್ರತಿವರ್ಷವೂ ಇದೆ. ಷರಾ: ‘ಹಾರುವ ಓತಿ ಈ ಸಲವೂ ತಪ್ಪಿಸಿಕೊಂಡಿತು.’

“ಅದಿರಲಿ, ಈ ತಿಂಗಳು ನೀನೇನು ಓದಿದೆ?” ಎಂದರು. ‘ಪರ್ವ’ ಓದುತ್ತಾ ಇದ್ದೇನೆ ಎಂದೆ. ನನ್ನ ಮದುವೆಯಾದ ವರ್ಷವೂ ಇದನ್ನೇ ಹೇಳಿದ್ದೆನಂತೆ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನನಗೊಂದು ಖಾತೆ ಇದೆ. ಷರಾ ಕಾಲಮ್ಮಿನಲ್ಲಿ ‘ವಸೂಲಾಗದ ಸಾಲ’.

ಅವರ ಊರಿನ ವಾಚನಾಲಯದಲ್ಲಿ ಓದುವವರಿಗೆ ಬರವಿಲ್ಲ. ಮಲಯಾಳಂ ಅಕ್ಷರಗಳ ಕೆಳಗೆ ಬೆರಳು ಸರಿಸುತ್ತಾ ಓದಲು ಕಲಿತ ಇವರನ್ನು ಅಲ್ಲಿ ಪ್ರೀತಿಯಿಂದಲೇ ಕಾಣುತ್ತಾರೆ. ಕನ್ನಡ ಪುಸ್ತಕದ ಮಾತಿಗೆ ಮಾತ್ರ ಜೊತೆಯಿಲ್ಲ. ಕನ್ನಡ ನಾಡಿನಿಂದ ಹೋಗಿ ನೆಲೆಸಿದ ಜೈನ ಮನೆತನಗಳೇನೋ ವಯನಾಡಿನಲ್ಲಿವೆ. ಕಲ್ಪೆಟ್ಟದ ಜೈನ ಮನೆತನದ ಎಂ. ಪಿ. ವೀರೇಂದ್ರಕುಮಾರ್ ‘ಹೈಮವತಭೂವಿಲ್’ ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು ಮಲಯಾಳಂನಲ್ಲಿ. ಗುಂಡ್ಲುಪೇಟೆಯ ತರಕಾರಿ ಲಾರಿಯವರು ಕನ್ನಡ ಆಡುತ್ತಾರೆ, ಆದರೆ ಟೊಮೆಟೊ ಇಳಿಸುವವರ ಎದುರು ಕುವೆಂಪು ತೆಗೆಯುವುದು ಹೇಗೆ? “ನೀನು ಬರ್ತೀಯ ಅಂದರೆ ಎರಡು ದಿನದಿಂದ ಷರಾ ತಿದ್ದುತ್ತಾ ಕೂರುತ್ತಾರೆ ಕಣಪ್ಪ,” ಎಂದು ಅತ್ತಿಗೆ ಹಾಸಿಗೆ ಹಾಸುತ್ತಾ ಹೇಳಿದರು.

2024ರ ಹಾಳೆಯಲ್ಲಿ ಜುಲೈ 30ರ ಮುಂದೆ ಏನೂ ಇರಲಿಲ್ಲ. ಭೂಕುಸಿತದಲ್ಲಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದ ದಿನ. ಆಗಸ್ಟ್ ಪೂರ್ತಿ ಮೇಪ್ಪಾಡಿಯ ಶಿಬಿರಗಳಲ್ಲಿ ಪಾಸ್‌ಬುಕ್ ಕಳೆದುಕೊಂಡವರಿಗೆ ಅರ್ಜಿ ತುಂಬಿಕೊಟ್ಟರು ಎಂಬುದೂ ಅತ್ತಿಗೆಯಿಂದಲೇ ಗೊತ್ತಾದದ್ದು. ಪುಟಕ್ಕೆ ಪುಟ ಲೆಕ್ಕ ಹೇಳುವ ಮನುಷ್ಯ ಅದರ ಲೆಕ್ಕ ಹೇಳಿದ್ದೇ ಇಲ್ಲ.

ಬೆಳಿಗ್ಗೆ ಆರಕ್ಕೆ ರಸ್ತೆ ತೆರೆಯುವ ಹೊತ್ತಿಗೆ ಮೂಲೆಹೊಳೆಯಲ್ಲಿದ್ದೆ. ಹಿಂದಿನ ಸೀಟಿನಲ್ಲಿ ಅವರು ಸಹಿ ಹಾಕಿಸಿಕೊಂಡು ಕೊಟ್ಟ ‘ಪರ್ವ’, ಮರಳಿಸುವ ತಾರೀಖಿನ ಚೀಟಿ ಸಮೇತ. ಕಾಡು ದಾಟಿ ಗುಂಡ್ಲುಪೇಟೆಯಲ್ಲಿ ಇಡ್ಲಿಗೆ ನಿಲ್ಲಿಸಿದ್ದೆ, ಫೋನು ಬಂತು.

“ಶುರು ಮಾಡಿದೆಯೇನಯ್ಯಾ?”

“ಅಣ್ಣಾ, ಕಾರು ಓಡಿಸ್ತಾ ಇದ್ದೆ!”

“ಆಯ್ತು, ಈಗ ತಿಂಡಿಗೆ ನಿಲ್ಲಿಸಿದ್ದೀಯಲ್ಲ.”