ಲ್ಯಾಮಿನೇಶನ್ ಆದ ಬಡತನ

ಇಂದಿರಾನಗರ ಅಂದರೆ ನೂರಡಿ ರಸ್ತೆ ಅಂದುಕೊಂಡವರಿಗೆ ಅಪ್ಪಾರೆಡ್ಡಿಪಾಳ್ಯ ಗೊತ್ತಿರುವುದಿಲ್ಲ. ನಮ್ಮ ಬೀದಿಯ ಅರ್ಧ ಪಾತ್ರೆಗಳನ್ನು ಬೆಳಗುವ ಕೈಗಳು ಅಲ್ಲಿಂದಲೇ ಬರುತ್ತವೆ. ಅಲ್ಲೊಂದು ಹತ್ತಡಿ ಮನೆ. ದೇವರ ಪಟದ ಹಿಂದೆ, ಕರೆಂಟ್ ಬಿಲ್ಲಿಗೂ ಚೀಟಿ ಪುಸ್ತಕಕ್ಕೂ ನಡುವೆ, ಪ್ಲಾಸ್ಟಿಕ್ ಕವರಿನೊಳಗೆ ಈ ವಾರದ ಅತಿಥಿ ಸಿಕ್ಕಿತು: ಬಿಪಿಎಲ್ ಕಾರ್ಡು. ನಂಬರ್ ಹಾಕಬಾರದು ಎಂಬ ಷರತ್ತಿನ ಮೇಲೆ ಮಾತಿಗೆ ಒಪ್ಪಿತು.

ನಾನು: ಹೇಗಿದ್ದೀರಿ?

ಕಾರ್ಡು: ಇವತ್ತಿನ ಮಟ್ಟಿಗೆ ಇದೀನಿ ಸಾರ್. 2024ರ ನವೆಂಬರಲ್ಲಿ ನಮ್ಮೋರು ಎಷ್ಟೋ ಜನ ರದ್ದಾಗಿ ಸತ್ತಿದ್ರು. ಗಲಾಟೆ ಆಯ್ತು, ಆಹಾರ ಮಂತ್ರಿ ಮುನಿಯಪ್ಪನೋರು ವಾಪಸ್ ಬದುಕಿಸಿದ್ರು. 2025ರಲ್ಲಿ ಮತ್ತೆ ‘ಅನುಮಾನಾಸ್ಪದ’ ಅಂತ ಪಟ್ಟಿ ಮಾಡಿದ್ರು. ಪಕ್ಕದ ಮನೆ ಆಟೋದವರು ಸಾಲ ಸಿಗಲಿ ಅಂತ ಯಾರದೋ ಮಾತು ಕೇಳಿ ಐಟಿ ರಿಟರ್ನ್ ಹಾಕಿಸಿದ್ರು. ಸಾಲ ಬರಲಿಲ್ಲ, ಕಾರ್ಡು ಹೋಯ್ತು.

ನಾನು: ಛೆ. ಅದಿರಲಿ, ನನಗೆ ಮುಖ್ಯವಾಗಿ ಕೇಳಬೇಕಿರುವುದು ಕನ್ನಡ ಮಾಧ್ಯಮದ ವಿಚಾರ. ಬಡವರ ಮಕ್ಕಳೂ ಇಂಗ್ಲಿಷ್ ಶಾಲೆಗೆ ಓಡಿದರೆ...

ಕಾರ್ಡು: ಮೊದಲು ಆ ಮಿಷನ್ ವಿಷಯ ಹೇಳ್ಬಿಡ್ತೀನಿ ಸಾರ್. ರೇಷನ್ ಡಿಪೋದಲ್ಲಿ ಬೆರಳಿಡೋ ಮಿಷನ್ ಇದೆಯಲ್ಲ, ಅದಕ್ಕೂ ನನಗೂ ಆಗಿಬರಲ್ಲ. ನಮ್ಮಮ್ಮ ಮೂರು ಮನೆ ಮಾಡ್ತಾಳೆ. ಪಾತ್ರೆ, ಕಸ, ನೆಲ. ಪುಡಿ ಹಾಕಿ ತಿಕ್ಕಿ ತಿಕ್ಕಿ ಬೆರಳ ಗೆರೆಯೆಲ್ಲ ಅಳಿಸಿ ಹೋಗಿದೆ. ಹೆಬ್ಬೆಟ್ಟು ಇಟ್ರೆ ‘ಮತ್ತೆ ಪ್ರಯತ್ನಿಸಿ’ ಅನ್ನುತ್ತೆ. ತೋರುಬೆರಳು ಇಟ್ರೂ ಅದೇ ರಾಗ. ಸೆರಗಲ್ಲಿ ಒರೆಸಿ, ಎಣ್ಣೆ ಸವರಿ, ಊದಿ ಇಡೋ ಹೊತ್ತಿಗೆ ಸರ್ವರ್ ಡೌನ್. ಅರ್ಧ ದಿನದ ಕೆಲಸ ಹೋಯ್ತು. ಆದ್ರೆ ನೋಡಿ, ಅವಳು ಕೆಲಸಕ್ಕೆ ಹೋಗೋ ಅಪಾರ್ಟ್‌ಮೆಂಟ್ ಗೇಟಲ್ಲಿ ಒಂದು ಆ್ಯಪ್ ಇದೆ. ಎಷ್ಟೊತ್ತಿಗೆ ಬಂದಳು, ಎಷ್ಟೊತ್ತಿಗೆ ಹೋದಳು, ನಿಮಿಷ ನಿಮಿಷದ ಲೆಕ್ಕ ಓನರಮ್ಮನ ಫೋನಿಗೆ ಬೀಳುತ್ತೆ. ಆ ಸರ್ವರ್ ಡೌನ್ ಆಗಿದ್ದನ್ನ ನಾನಂತೂ ಕೇಳಿಲ್ಲ.

ನಾನು: ಅಕ್ಕಿ ಮಾರಿಕೊಳ್ಳುತ್ತಾರೆ ಅಂತ ದೂರಿದೆಯಲ್ಲ? ಗೃಹಲಕ್ಷ್ಮಿ ಹಣ ತಿಂಗಳುಗಟ್ಟಲೆ ತಡವಾಗುತ್ತಂತೆ?

ಕಾರ್ಡು: ಬರುತ್ತೆ, ಬರಲ್ಲ. ಆ ಮಿಷನ್ನಿಗೆ ಇನ್ನೊಂದು ಚಾಳಿ ಇದೆ ಸಾರ್. ಕರೆಂಟ್ ಹೋದಾಗ...

ನಾನು: ಮಿಷನ್ ಸಾಕು. ಮಕ್ಕಳು ಎಲ್ಲಿ ಓದುತ್ತಿದ್ದಾರೆ? ಕನ್ನಡ ಮಾಧ್ಯಮದಲ್ಲೇ ತಾನೆ?

ಕಾರ್ಡು: ಮಗಳು ಓದಿದ್ದು ಸರ್ಕಾರಿ ಶಾಲೇಲಿ. ಮಗನಿಗೆ ಆರ್‌ಟಿಇಲಿ ಪ್ರೈವೇಟ್ ಶಾಲೆ ಸಿಕ್ತು. ಎಂಟನೇ ಕ್ಲಾಸ್ ತನಕ ಪುಕ್ಕಟೆ. ಒಂಬತ್ತಕ್ಕೆ ಫೀಸ್ ಕಟ್ಟಿ ಅಂದ್ರು. ಈಗ ಪಾರ್ಸಲ್ ಡೆಲಿವರಿ ಮಾಡ್ತಾನೆ. ಇಂಗ್ಲಿಷಲ್ಲಿ ಗೇಟ್ ನಂಬರ್ ಓದ್ತಾನೆ, ಚೆನ್ನಾಗೇ ಓದ್ತಾನೆ.

ನಾನು: ಅಲ್ಲ, 2018ರ ಕೊನೆಯಲ್ಲಿ ನಿಯಮ ತಿದ್ದಿ, ಹತ್ತಿರ ಸರ್ಕಾರಿ ಶಾಲೆಯೋ ಅನುದಾನಿತ ಶಾಲೆಯೋ ಇದ್ದರೆ ಖಾಸಗಿಯಲ್ಲಿ ಸೀಟಿಲ್ಲ ಎಂದರಲ್ಲ? ಲಕ್ಷದ ಲೆಕ್ಕದಲ್ಲಿದ್ದ ಸೀಟು ಮರುವರ್ಷವೇ ಸಾವಿರದ ಲೆಕ್ಕಕ್ಕೆ ಇಳಿಯಿತು. ನಾನು ಆಗ ಸಂತೋಷಪಟ್ಟೆ. ಸರ್ಕಾರಿ ಶಾಲೆ ತುಂಬುತ್ತದೆ, ಕನ್ನಡ ಉಳಿಯುತ್ತದೆ ಅಂತ. ಆದರೆ ಮುಂದಿನ ವರ್ಷ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು! ಅದಕ್ಕೂ ಮುಂಚೆ 2014ರಲ್ಲಿ ಸುಪ್ರೀಂ ಕೋರ್ಟು ಮಾತೃಭಾಷೆಯನ್ನು ಹೇರುವಂತಿಲ್ಲ ಎಂದಿತು. ಇದರ ಬಗ್ಗೆ ಕಾರ್ಡುಗಳ ನಿಲುವೇನು?

ಕಾರ್ಡು: ನಿಮ್ಮ ಮೊಮ್ಮಗ ಯಾವ ಶಾಲೆ ಸಾರ್?

ನಾನು: ಮುಂದಿನ ಪ್ರಶ್ನೆ. ನಿಮ್ಮನ್ನು ಪಡೆಯಲು ಮನೆಯ ವರಮಾನ ಎಷ್ಟಿರಬೇಕು?

ಕಾರ್ಡು: ವರ್ಷಕ್ಕೆ 1 ಲಕ್ಷದ 20 ಸಾವಿರದೊಳಗೆ. ಮನೆಮಂದಿ ಎಲ್ಲ ಸೇರಿ ತಿಂಗಳಿಗೆ 10 ಸಾವಿರ.

ನಾನು: ಮನೆಯಲ್ಲಿ ಇಬ್ಬರು ದುಡಿದರೆ?

ಕಾರ್ಡು: ತಲೆಗೆ ಐದೈದು ಸಾವಿರ ಅಂತ ಬರ್ಕೊಳಿ. ಈ ಪಟದ ಹಿಂದೆ ಯೂನಿಯನ್ನವರ ಕರಪತ್ರಾನೂ ಇದೆ ಸಾರ್, ಹೊತ್ತು ಹೋಗದೆ ಅದನ್ನೇ ಓದ್ತಿರ್ತೀನಿ. ಮನೆಕೆಲಸದವರಿಗೆ ಕನಿಷ್ಠ ಕೂಲಿ ಗೊತ್ತು ಮಾಡಿದ ಮೊದಲ ರಾಜ್ಯ ನಮ್ಮದಂತೆ, 2004ರಲ್ಲೇ. ನಮ್ಮಮ್ಮ ಕೆಲಸ ಮಾಡೋ ಮೂರು ಮನೇಲೂ ಈ ಸುದ್ದಿ ಇನ್ನೂ ತಲುಪಿಲ್ಲ. 2025ರ ಏಪ್ರಿಲಲ್ಲಿ ಸರ್ಕಾರ ಒಂದು ಕರಡು ತಂತು. ಬೆಂಗಳೂರಲ್ಲಿ ಕುಶಲವಲ್ಲದ ಕೆಲಸಕ್ಕೂ ತಿಂಗಳಿಗೆ 23 ಸಾವಿರದ ಮೇಲೆ ಕೊಡಬೇಕು ಅಂತ. ಮಾಲೀಕರು ಬಾಯಿ ಬಾಯಿ ಬಡ್ಕೊಂಡ್ರು.

ನಾನು: ಅಂದರೆ ಒಂದು ಇಲಾಖೆ ಒಬ್ಬ ಆಳಿಗೆ 23 ಸಾವಿರ ಕೊಡಬೇಕು ಅನ್ನುತ್ತದೆ. ಇನ್ನೊಂದು ಇಲಾಖೆ ಇಡೀ ಮನೆಗೆ 10 ಸಾವಿರ ದಾಟಿದರೆ ನೀವು ಬಡವರಲ್ಲ ಅನ್ನುತ್ತದೆ.

ಕಾರ್ಡು: ನಾನು ಈ ಮನೇಲಿ ಇರಬೇಕಾದ್ರೆ ಇವರಿಗೆ ಯಾರೋ ಕಾನೂನು ಮುರಿದು ಸಂಬಳ ಕೊಡ್ತಿರಬೇಕು ಸಾರ್. ಕಾನೂನು ಪ್ರಕಾರ ಕೊಟ್ಟ ದಿನವೇ ನಾನು ರದ್ದು.

ಹೀಗಂದಾಗ ನಗಬೇಕೋ ಬೇಡವೋ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನುವುದೂ ಸುಳ್ಳು, ಸಿಟ್ಟು ಬಂತು. ಬೇರೆ ಮೀಸಲಾತಿ ಇಲ್ಲದ, ಎಂಟು ಲಕ್ಷದೊಳಗಿನ ವರಮಾನದವರು ಆರ್ಥಿಕವಾಗಿ ದುರ್ಬಲರು, ಅವರಿಗೆ ಶೇ. 10 ಮೀಸಲಾತಿ ಎಂದು 2019ರಲ್ಲಿ ಈ ದೇಶ ಒಪ್ಪಿತು. 12 ಲಕ್ಷದವರೆಗೆ ಆದಾಯ ತೆರಿಗೆ ಬೇಡ, ಪಾಪ ಮಧ್ಯಮ ವರ್ಗ ಎಂದು 2025ರ ಬಜೆಟ್ ಕನಿಕರಿಸಿತು. ನಮ್ಮದೇ ಇಂದಿರಾನಗರದ ಇಎಸ್‌ಐ ಆಸ್ಪತ್ರೆಯ ಬಾಗಿಲು ತಿಂಗಳಿಗೆ 21 ಸಾವಿರದವರೆಗಿನ ಸಂಬಳದವರಿಗೂ ತೆರೆದಿದೆ. ಎಲ್ಲರ ಕಷ್ಟಕ್ಕೂ ಒಂದೊಂದು ಉದಾರವಾದ ಗೆರೆ ಇದೆ. ಪಾತ್ರೆ ತೊಳೆಯುವವಳ ಗೆರೆ ಮಾತ್ರ 1.2 ಲಕ್ಷ. ನನಗೆ ತೆರಿಗೆ ಮಾಫಿ ಮಾಡಿದ ಅಂಕಿಗೂ ಅವಳ ಅಕ್ಕಿ ಕಿತ್ತುಕೊಳ್ಳುವ ಅಂಕಿಗೂ ಒಂದು ಸೊನ್ನೆಯ ವ್ಯತ್ಯಾಸ. ಈ ಗೆರೆ ಎಳೆದವರು ಅವಳು ಬಡತನ ದಾಟಲಿ ಎಂದು ಎಳೆದದ್ದಲ್ಲ. ದಾಟಿದವರನ್ನು ಹಿಡಿಯಲಿ ಎಂದು ಎಳೆದದ್ದು. ಬಿಟ್ಟಿ ಭಾಗ್ಯದಿಂದ ಕೆಲಸಕ್ಕೆ ಜನ ಸಿಗುತ್ತಿಲ್ಲ ಎಂದು ಬೆಳಗಿನ ವಾಕಿಂಗಿನಲ್ಲಿ ಗೊಣಗುವ ನಮ್ಮ ಬಡಾವಣೆಯ ಹಿರಿಯರೇ, ಜನ ಸಿಗುತ್ತಾರೆ. ಕನಿಷ್ಠ ಕೂಲಿ ಕೊಟ್ಟು ನೋಡಿ.

ನಾನು: ಕ್ಷಮಿಸಿ. ಕರಪತ್ರದಲ್ಲಿ ಇನ್ನೇನಿದೆ?

ಕಾರ್ಡು: 1991ರಲ್ಲಿ ಸುಪ್ರೀಂ ಕೋರ್ಟು ರೆಪ್ಟಕೋಸ್ ಬ್ರೆಟ್ ಅನ್ನೋ ಕೇಸಲ್ಲಿ ಒಂದು ಮಾತು ಹೇಳಿದೆ. ಊಟ, ಬಟ್ಟೆ, ಬಾಡಿಗೆ, ಸೌದೆ-ದೀಪದ ಜೊತೆಗೆ ಮಕ್ಕಳ ಓದು, ಔಷಧಿ, ಮದುವೆ, ಮುಪ್ಪು ಇವಕ್ಕೂ ಕನಿಷ್ಠ ಕೂಲಿಯ ನೂರರಲ್ಲಿ 25 ಪಾಲು ಇರಬೇಕು ಅಂತ. ಮಕ್ಕಳ ಫೀಸು ಸಂಬಳದ ಒಳಗೇ ಇರಬೇಕಿತ್ತು ಸಾರ್. ಅದು ಇದ್ದಿದ್ರೆ ಹುಡುಗ ಒಂಬತ್ತನೇ ಕ್ಲಾಸಿಗೆ ಹೋಗ್ತಿದ್ದ, ನಾನೂ ಈ ಪಟದ ಹಿಂದೆ ಕೂತಿರ್ತಿರಲಿಲ್ಲ.

ನಾನು: ಮಗಳು?

ಕಾರ್ಡು: ಅವಳು ಬಿಡಲಿಲ್ಲ. ಬಿ.ಕಾಂ. ಮುಗಿಸಿದಳು. ಹೋದ ತಿಂಗಳು ಕೆಲಸ ಸಿಕ್ತು, ಒಂದು ಆಫೀಸಲ್ಲಿ ಬಿಲ್ಲಿಂಗ್. 18 ಸಾವಿರ, ಪಿಎಫ್, ಇಎಸ್‌ಐ ಎಲ್ಲ ಸೇರಿ. ಸಂಬಳದ ಸ್ಲಿಪ್ ಬಂದ ದಿನ ಮೈಸೂರುಪಾಕ್ ತಂದಳು. ಅವತ್ತೇ ರಾತ್ರಿ ನನ್ನನ್ನ ಕೆಳಗಿಳಿಸಿ ಮಧ್ಯೆ ಇಟ್ಕೊಂಡು ಎಲ್ಲರೂ ಲೆಕ್ಕ ಹಾಕಿದ್ರು. ಅವಳ ಪಿಎಫ್ ನಂಬರು ಆಧಾರಿಗೆ ಅಂಟಿದೆ, ಆಧಾರು ನನಗೆ ಅಂಟಿದೆ. ಅವಳ ಸಂಬಳದಲ್ಲಿ ಬಸ್ಸು, ಮೆಟ್ರೊ, ಓದಿನ ಸಾಲ ಕಳೆದ್ರೆ ಉಳಿಯೋದು ಅಷ್ಟಕ್ಕಷ್ಟೆ. ನಾನು ಹೋದ್ರೆ ಅಕ್ಕಿ ಹೋಗುತ್ತೆ, ಅಮ್ಮನ ಆಸ್ಪತ್ರೆಗೆ ರಿಯಾಯಿತಿ ಹೋಗುತ್ತೆ. ಓದಿದ್ದಕ್ಕೆ ಮೊದಲ ಮೆಟ್ಟಿಲು ಹತ್ತಿದ್ದಾಳೆ, ನಿಜ. ಮನೆಯವರು ಮಾತ್ರ ಕೆಳಗೇ ಇದ್ದಾರೆ.

ನಾನು: ಏನು ತೀರ್ಮಾನವಾಯಿತು?

ಕಾರ್ಡು: ಸೋಮವಾರ ಬೆಂಗಳೂರು ಒನ್‌ಗೆ ಹೋಗ್ತೀವಿ, ಅವಳ ಹೆಸರು ತೆಗೆಸೋಕೆ. ಕಾರಣ ಕೇಳ್ತಾರಂತೆ. ‘ಮದುವೆಯಾಗಿ ಗಂಡನ ಮನೆಗೆ ಹೋದಳು’ ಅಂದ್ರೆ ಸಲೀಸು ಅಂತ ಏಜೆಂಟ್ ಹೇಳಿದ.

ನಾನು: ಮದುವೆ ಆಗಿದೆಯೆ?

ಕಾರ್ಡು: ಎಲ್ಲಿ ಸಾರ್? ಕೆಲಸ ಸಿಕ್ಕಿದೆ ಅಷ್ಟೆ.

ನಾನು: ಕೊನೆಯ ಪ್ರಶ್ನೆ. ಹುಡುಗಿ ಓದಿದ್ದು ಕನ್ನಡ ಮಾಧ್ಯಮದಲ್ಲೇ ತಾನೆ?

ಕಾರ್ಡು: ಹೌದು ಸಾರ್, ಹತ್ತನೇ ಕ್ಲಾಸ್ ತನಕ ಕನ್ನಡವೇ. ಬರ್ಕೊಳಿ, ಬೇಕಾದ್ರೆ ಹೆಡ್ಡಿಂಗೇ ಹಾಕಿ. ಅವಳ ಸಂಬಳ ಮಾತ್ರ ಎಲ್ಲೂ ಬರೀಬೇಡಿ.