‘ಏನೂ ಆಗೂದಿಲ್ರೀ’ ಅಂದವರಿಗೆ

ಮಾನ್ಯ ಅಕ್ವೇರಿಯಂ ಅಂಗಡಿಯ ಮಾಲಕರಿಗೆ,

ಬೆಳಗಾವಿಯ ತಿಲಕವಾಡಿಯಿಂದ ಒಬ್ಬ ನಿವೃತ್ತ ಗಣಿತ ಮಾಸ್ತರನ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಆಮೆ ನಮಗಿಂತ ಕ್ಷೇಮ. ಮೀನುಗಳ ಕ್ಷೇಮಸಮಾಚಾರ ಬರೆಯೋಣವೆಂದರೆ ಮೀನುಗಳೇ ಇಲ್ಲ.

ನಿಮ್ಮ ಹೆಸರು, ಅಂಗಡಿಯ ಹೆಸರು, ಗಲ್ಲಿಯ ಹೆಸರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಹೆದರಿ ಅಲ್ಲ. ನೀವು ಆಡಿದ ಮಾತನ್ನೇ ಆಡುವ ಅಂಗಡಿಗಳು ಊರೂರಲ್ಲಿ ಇವೆ. ಕೀರ್ತಿಯನ್ನೆಲ್ಲ ನಿಮ್ಮೊಬ್ಬರ ಕೊರಳಿಗೆ ಹಾಕಿದರೆ ಉಳಿದವರಿಗೆ ಅನ್ಯಾಯವಾದೀತು.

ನಿಮಗೆ ನೆನಪಿರಲಿಕ್ಕಿಲ್ಲ. ನಾಲ್ಕು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರ, ಮೊಮ್ಮಗಳ ಕೈಹಿಡಿದು ನಿಮ್ಮಲ್ಲಿಗೆ ಬಂದಿದ್ದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ ಕೊಂಡೆ. ನಾಲ್ಕು ಗೋಲ್ಡ್‌ಫಿಶ್, ಆರು ಗಪ್ಪಿ, ಎರಡು ಏಂಜೆಲ್. ತಳಕ್ಕೆ ನೀಲಿ ಹರಳು, ನಡುವೆ ಒಂದು ಪ್ಲಾಸ್ಟಿಕ್ ಕೋಟೆ. ಅಲ್ಲಿಗೇ ಮುಗಿಯಬೇಕಿತ್ತು. ರೊಕ್ಕ ಎಣಿಸುವಾಗ ಮೊಮ್ಮಗಳು ಗಲ್ಲೆಯ ಪಕ್ಕದ ಕೆಂಪು ಟಬ್ಬಿನೊಳಗೆ ಹಣಿಕಿದಳು. ಅದರಲ್ಲಿ ಹತ್ತು ರೂಪಾಯಿ ನಾಣ್ಯಕ್ಕಿಂತ ತುಸುವೇ ದೊಡ್ಡ ಆಮೆಮರಿಗಳು. ಹಸಿರು ಚಿಪ್ಪು, ಕಣ್ಣಿನ ಹಿಂದೆ ಕುಂಕುಮ ಎಳೆದಂಥ ಕೆಂಪು ಪಟ್ಟೆ.

“ಅಜ್ಜಾ, ಅದು ನನ್ನ ನೋಡಿ ನಗಾಕತ್ತೈತಿ” ಅಂದಳು. ನೀವು ಜಾಲಿ ಎತ್ತಿಕೊಂಡು ಸಿದ್ಧರಾದಿರಿ.

ನಾನು ಕೇಳಿದೆ, ಕೇಳಲಿಲ್ಲ ಅನ್ನಬೇಡಿರಿ: “ಮೀನಿನ ಕೂಡ ಇಟ್ಟರ ನಡೀತೈತೇನ್ರೀ?”

ಒಂದೇ ಉಸಿರಿನಲ್ಲಿ ನೀವು ಅಂದಿರಿ: “ಕಾಹೀ ಹೋತ್ ನಾಹೀ ಮಾಸ್ತರ, ಏನೂ ಆಗೂದಿಲ್ರೀ. ಅಡ್ಜಸ್ಟ್ ಮಾಡ್ಕೋತಾವ.” ಬೆಳಗಾವಿಯಲ್ಲಿ ಒಂದು ಮಾತಿಗೆ ಮರಾಠಿ, ಕನ್ನಡ ಎರಡೂ ಒಪ್ಪುವುದು ಅಪರೂಪ. ಅದಕ್ಕೇ ನಂಬಿದೆ. ನನ್ನ ಮುಖದ ಮೇಲೆ ಇನ್ನೂ ಸಂಶಯ ಕಂಡಿತೋ ಏನೋ, ಕೊನೆಯ ಬಾಣ ಬಿಟ್ಟಿರಿ: “ಮತ್ಸ್ಯ, ಕೂರ್ಮ ಎರಡೂ ವಿಷ್ಣುನ ಅವತಾರ್ರೀ. ಜಗಳಾ ಯಾಕ ಮಾಡ್ತಾವ?”

ಜಗಳ ಆಗಲಿಲ್ಲ, ಅದು ನಿಜ. ಜಗಳಕ್ಕೆ ಇಬ್ಬರೂ ಉಳಿದಿರಬೇಕಾಗುತ್ತದೆ. ನೀವು ಅವತಾರದ ಲೆಕ್ಕದಲ್ಲಿ ಒಂದು ಸಣ್ಣ ಅಂಶ ಬಿಟ್ಟಿರಿ. ಅವು ಒಂದಾದ ಮೇಲೆ ಒಂದು ಬಂದವು. ಒಂದೇ ತೊಟ್ಟಿಯಲ್ಲಿ, ಒಂದೇ ಹೊತ್ತಿಗೆ ಬರಲಿಲ್ಲ.

ಕೊಂಡು ತಂದ ಆಮೆಮರಿ ಜೋಡಿಗೆ ಮೊಮ್ಮಗಳು ಕುಂದಾ, ಕರದಂಟು ಎಂದು ಹೆಸರಿಟ್ಟಳು. ಒಂದು ನಮ್ಮೂರ ಸಿಹಿ, ಇನ್ನೊಂದು ಗೋಕಾಕಿನದು. ಮೂರನೇ ದಿನ ಗಪ್ಪಿ ಎಣಿಸಿದರೆ ಐದು, ವಾರಕ್ಕೆ ಮೂರು, ಹದಿನೈದು ದಿನಕ್ಕೆ ಶೂನ್ಯ. ಮೂವತ್ತೈದು ವರ್ಷ ವ್ಯವಕಲನ ಕಲಿಸಿದವನು ನಾನು. ಇಷ್ಟು ಸ್ವಚ್ಛವಾಗಿ ಕಳೆದು ಕೆಳಗೆ ಏನನ್ನೂ ಉಳಿಸದ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ. ಏಂಜೆಲ್‌ಗಳ ಉದ್ದನೆಯ ರೆಕ್ಕೆಗಳು ಮೊದಲು ಹೋದವು, ಆಮೇಲೆ ಏಂಜೆಲ್‌ಗಳು. ನಿಮಗೆ ಫೋನ್ ಮಾಡಿದೆ. “ಆಮಿಗೆ ಹಸಿವಿ ಆಗಿರ್ಬೇಕ್ರೀ, ಫೀಡ್ ಜಾಸ್ತಿ ಹಾಕ್ರಿ” ಅಂದಿರಿ. ಫೀಡಿನ ಡಬ್ಬಿ ಒಯ್ದೆ. ಎರಡೂ ತಿಂದವು, ಫೀಡನ್ನೂ ಮೀನನ್ನೂ.

ಡಬ್ಬಿ ಖಾಲಿಯಾಗುತ್ತ ಬಂದಂತೆ ನೀರು ನಾರತೊಡಗಿತು. ಆಗ ಓದಲು ಕುಳಿತೆ. ಕೊಳ್ಳುವ ಮೊದಲು ಓದಬೇಕಿತ್ತು, ಒಪ್ಪುತ್ತೇನೆ. ಆಮೆ ತಿನ್ನುವುದೂ ನೀರಲ್ಲಿ, ವಿಸರ್ಜಿಸುವುದೂ ನೀರಲ್ಲಿ. ಅದರಿಂದ ಹುಟ್ಟುವ ಅಮೋನಿಯಾವನ್ನು ಅರಗಿಸುವ ಸೂಕ್ಷ್ಮಾಣುಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಬೇಕಾದರೆ ನಾಲ್ಕರಿಂದ ಆರು ವಾರ ಬೇಕು. ನೀವು ತೊಟ್ಟಿ, ಮೀನು, ಆಮೆ ಮೂರನ್ನೂ ಒಂದೇ ಮಧ್ಯಾಹ್ನ ಕಟ್ಟಿಕೊಟ್ಟಿರಿ. ಅಮೋನಿಯಾದಿಂದ ಆಮೆಗೆ ಮೀನಿಗಾಗುವಷ್ಟು ತೊಂದರೆಯಿಲ್ಲ. ಮೂಗಿನ ತುದಿಯನ್ನು ಮೇಲೆತ್ತಿ ನಮ್ಮ ಹಾಗೆ ಗಾಳಿಯನ್ನೇ ಉಸಿರಾಡುತ್ತದೆ. ಮೀನು ಮಾತ್ರ ಆ ನೀರನ್ನೇ ಕಿವಿರುಗಳ ಮೂಲಕ ಹಾಯಿಸಿಕೊಳ್ಳಬೇಕು. ಹೊಲಸು ಮಾಡುವವನು ಒಬ್ಬ, ಉಸಿರು ಕಟ್ಟುವುದು ಇನ್ನೊಬ್ಬನಿಗೆ. (ಊರ ಹೊಲಸು ಹರಿಯುವ ಬಳ್ಳಾರಿ ನಾಲಾ ದಂಡೆಯಲ್ಲಿ ಹೊಲ ಇರುವ ನಮ್ಮ ರೈತರಿಗೆ ಈ ಸೂತ್ರ ಬೇರೆ ಬಿಡಿಸಿ ಹೇಳಬೇಕಿಲ್ಲ.)

ನಾರುವ ನೀರಿಗೆ ನೀವು ನೀಲಿ ಔಷಧಿ ಕೊಟ್ಟಿರಿ. ಆಮೇಲೆ ಕಲ್ಲುಪ್ಪು. ಆಮೇಲೆ ದೊಡ್ಡ ಫಿಲ್ಟರ್. ಅದೂ ಸೋತಾಗ ಕರಿ ಮೈಯ, ಗಾಜಿಗೆ ಬಾಯಿ ಅಂಟಿಸಿ ಕೂಡುವ ಒಂದು ಸಕ್ಕರ್ ಮೀನು: “ಇದು ಎಲ್ಲಾ ಕ್ಲೀನ್ ಮಾಡ್ತೈತ್ರೀ.” ಅದು ಪಾಚಿ ಕೆರೆಯಿತು, ಸುಳ್ಳಲ್ಲ. ಅಮೋನಿಯಾ ಪಾಚಿಯಲ್ಲವಲ್ಲ. ಪ್ರತಿ ಕಾಯಿಲೆಗೂ ಔಷಧಿ ನಿಮ್ಮಲ್ಲೇ ಇತ್ತು, ಕಾಯಿಲೆಯೂ ನಿಮ್ಮಲ್ಲೇ ಸಿಕ್ಕಿತ್ತು. ಇಂಥ ಸೌಕರ್ಯ ಬೇರೆ ಯಾವ ಧಂದೆಯಲ್ಲಿದೆ ಹೇಳಿರಿ.

ಕೊನೆಯ ಗೋಲ್ಡ್‌ಫಿಶ್ ಹೋದ ಬೆಳಗು ಮಾತ್ರ ಮರೆಯಲಾರೆ. ಚಳಿಗಾಲ, ಆರೂವರೆ. ಚಹದ ಕಪ್ಪು ಹಿಡಿದು ತೊಟ್ಟಿಯ ಮುಂದೆ ಕೂತಿದ್ದೆ. ಅದರ ಬಾಲವನ್ನು ಯಾರೋ ಕತ್ತರಿಯಿಂದ ಅರ್ಧಚಂದ್ರಾಕಾರದಲ್ಲಿ ಕತ್ತರಿಸಿದಂತಿತ್ತು. ಮೀನು ಮುಂದೆ ಹೋಗಬೇಕೆಂದು ಇಡೀ ಮೈಯನ್ನು ಎಡಕ್ಕೂ ಬಲಕ್ಕೂ ತೂಗುತ್ತಿತ್ತು, ಇದ್ದಲ್ಲೇ ಇತ್ತು. ಕುಂದಾ ಅವಸರ ಮಾಡಲಿಲ್ಲ. ಪ್ಲಾಸ್ಟಿಕ್ ಕೋಟೆಯ ಹಿಂದಿನಿಂದ ಕತ್ತು ಚಾಚಿ ಹೊಟ್ಟೆಯ ಹತ್ತಿರ ಕಚ್ಚಿ ಹಿಡಿಯಿತು. ಆಮೇಲೆ ಮುಂಗಾಲಿನ ಉಗುರುಗಳಿಂದ, ನಾವು ರೊಟ್ಟಿ ಮುರಿದಂತೆ, ಹಿಂದಕ್ಕೆ ಹರಿಯಿತು. ಬಂಗಾರದ ಹುರುಪೆಗಳು ಒಂದೊಂದಾಗಿ ಮೇಲೆದ್ದು ಬಲ್ಬಿನ ಬೆಳಕಿನಲ್ಲಿ ತಿರುಗಿದವು. ಹಿಂದೆ ಮೊಮ್ಮಗಳು ನಿಂತಿದ್ದು ನನಗೆ ಗೊತ್ತಿರಲಿಲ್ಲ. “ಅಜ್ಜಾ, ಅಡ್ಜಸ್ಟ್ ಮಾಡ್ಕೊಳ್ಳಾಕತ್ತಾವೇನು?” ಎಂದು ಕೇಳಿದಳು. ನಿಮ್ಮ ಶಬ್ದವನ್ನು ಅವಳು ಮನೆಗೆ ತಂದಿದ್ದಳು.

ಆಮೆಯನ್ನು ಬೈಯುತ್ತಿಲ್ಲ. ಈ ಜಾತಿ ಮರಿಯಿದ್ದಾಗ ಮಾಂಸಕ್ಕೆ ಮೊದಲು ಬಾಯಿ ಹಾಕುತ್ತದೆ. ಬೆಳೆದ ಮೇಲೆ ಸೊಪ್ಪು, ನೀರಗಿಡದ ಕಡೆಗೆ ಹೊರಳುತ್ತದೆ. ನಮ್ಮ ಗಲ್ಲಿಯ ಕೆಲವು ಹಿರಿಯರ ಹಾಗೆ ವಯಸ್ಸಾದ ಮೇಲೆ ಮಾಲೆ ಹಾಕಿ, ಮಾಂಸ ಬಿಟ್ಟು ಮಾಳಕರಿ ಆಗುತ್ತದೆ ಅನ್ನಿರಿ. ಆದರೆ ಎದುರಿಗೆ ಮೀನು ಸುಳಿದರೆ ಮಾಲೆ ನೆನಪಿರುವುದಿಲ್ಲ.

“ಕೋಟೆ ಕೆರೆಯಾಗ ಮೀನೂ ಅದಾವ, ಆಮಿನೂ ಅದಾವ, ಅಲ್ಲೆ ಹೆಂಗ ಇರ್ತಾವ?” ಎಂದು ನೀವು ಒಮ್ಮೆ ನನ್ನನ್ನೇ ಕೇಳಿದಿರಿ. ಒಳ್ಳೆಯ ಪ್ರಶ್ನೆ. ಕೆರೆಯಲ್ಲೂ ಆಮೆ ಮೀನು ತಿನ್ನುತ್ತದೆ, ಯಾರೂ ಎಣಿಸುವುದಿಲ್ಲ ಅಷ್ಟೆ. ಅಲ್ಲಿ ಮೀನಿಗೆ ಓಡಲು ದೂರವಿದೆ, ಅಡಗಲು ಜೊಂಡು ಇದೆ. ಕೆರೆಯ ನೀರೂ ಒಂದು ಆಮೆಗೆ ಕೆಡುವಷ್ಟಲ್ಲ. ನಿಮ್ಮ ತೊಟ್ಟಿಯ ಲೆಕ್ಕ ಮಾಡಿದೆ. ಎರಡು ಘನ ಅಡಿ ಎಂದರೆ ಸುಮಾರು 56 ಲೀಟರ್. ಹೆಣ್ಣು ಆಮೆಯ ಚಿಪ್ಪು ಹತ್ತರಿಂದ ಹನ್ನೆರಡು ಇಂಚು ಬೆಳೆಯುತ್ತದೆ. ಸಾಕಿದವರ ರೂಢಿಯ ಲೆಕ್ಕದಲ್ಲಿ ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 40 ಲೀಟರ್ ನೀರು. ಹತ್ತು ಇಂಚಿಗೆ 400 ಲೀಟರ್, ಅಂದರೆ ನಮ್ಮ ಮಾಳಿಗೆಯ ಮೇಲಿನ ಸಿಂಟೆಕ್ಸಿನಷ್ಟು. ಅದನ್ನು ಪಡಸಾಲೆಯಲ್ಲಿ, ಟೀವಿಯ ಪಕ್ಕದಲ್ಲಿ ಇಡಬೇಕಿತ್ತು.

ಇನ್ನು ಬಿಸಿಲು. ಆಮೆ ದಿನಾ ನೀರಿನಿಂದ ಪೂರ್ತಿ ಮೇಲೆ ಬಂದು ಮೈ ಒಣಗಿಸಿಕೊಳ್ಳಬೇಕು. ಮೀನಿನ ತೊಟ್ಟಿಯಲ್ಲಿ ಒಣ ಜಾಗ ಎಲ್ಲಿಯದು? “ಕಿಟಕಿ ಬಾಜೂಕ ಇಡ್ರಿ, ಬಿಸಲ ಬೀಳ್ತೈತಿ” ಅಂದಿರಿ. ಚಿಪ್ಪು ಗಟ್ಟಿಯಾಗಲು ಬೇಕಾದ ನೇರಳಾತೀತ ಕಿರಣವನ್ನು ಕಿಟಕಿಯ ಗಾಜು ತಡೆದುಬಿಡುತ್ತದೆ. ಬೆಳಕು ಬಂತು, ಬೇಕಾದದ್ದು ಬರಲಿಲ್ಲ. ಎರಡನೇ ಚಳಿಗಾಲಕ್ಕೆ ಕರದಂಟಿನ ಚಿಪ್ಪು ಒತ್ತಿದರೆ ಹಳೆಯ ಚಪ್ಪಲಿಯಂತೆ ಬಾಗುತ್ತಿತ್ತು, ಕಣ್ಣು ಊದಿ ಮುಚ್ಚಿದ್ದವು. ದನದ ಡಾಕ್ಟರರು ಪ್ರಾಮಾಣಿಕರು. “ನಾ ಎಮ್ಮಿ ನೋಡಾಂವರೀ ಸರ” ಅಂದರು. ಹಿತ್ತಲಿನ ಪೇರಲ ಗಿಡದ ಬುಡದಲ್ಲಿ ಕರದಂಟು ಇದೆ. ಇದರ ಬಗ್ಗೆ ಕುಹಕ ಬರೆಯಲು ನನಗೆ ಬರುವುದಿಲ್ಲ.

ಓದುತ್ತ ಹೋದಂತೆ ನಿಮ್ಮ ಸರಕಿನ ಕುಲಗೋತ್ರವೂ ಸಿಕ್ಕಿತು. ಹೆಸರು ಕೆಂಪುಕಿವಿ ಸ್ಲೈಡರ್. ದಿಮ್ಮಿಯ ಮೇಲೆ ಕೂತು ಸಪ್ಪಳಾದರೆ ಜಾರಿ ನೀರಿಗೆ ಬೀಳುತ್ತದೆಂದು ಆ ಹೆಸರು. ತವರು ಅಮೆರಿಕದ ಮಿಸಿಸಿಪ್ಪಿ ಕಣಿವೆ. ಮಕ್ಕಳು ಈ ಮರಿಗಳನ್ನು ಮುದ್ದಿಸಿ, ಬಾಯಿಗೆ ಹಾಕಿಕೊಂಡು ಸಾಲ್ಮೊನೆಲ್ಲಾ ಹತ್ತಿ ಮಲಗತೊಡಗಿದಾಗ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಸಣ್ಣ ಚಿಪ್ಪಿನ ಆಮೆಗಳ ಮಾರಾಟವನ್ನೇ ನಿಲ್ಲಿಸಿತು. ತನ್ನ ಮಕ್ಕಳಿಗೆ, ಎಂದು ಓದಿಕೊಳ್ಳಿರಿ. ರಫ್ತಿಗೆ ರಿಯಾಯಿತಿ ಇತ್ತು. ಯುರೋಪಿನ ಒಕ್ಕೂಟ 1997ರಲ್ಲಿ ಇದರ ಆಮದಿಗೆ ಬಾಗಿಲು ಹಾಕಿತು. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲೂ ಹೆಸರಿದೆ. ಅದೇ ನಮ್ಮ ಗದ್ದೆ, ಕೆರೆಗಳ ದೇಶಿ ಆಮೆಯನ್ನು, ಹಿಂಗಾಲು ಒಳಗೆಳೆದುಕೊಂಡು ಚರ್ಮದ ಕದ ಮುಚ್ಚಿಕೊಳ್ಳುತ್ತದಲ್ಲ ಅದನ್ನು, ಮನೆಯಲ್ಲಿಟ್ಟರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಜೈಲು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಅದಕ್ಕೆ ಜಾಗವಿದೆ. ಪರದೇಶದ್ದು ಮಾತ್ರ ಟಬ್ಬಿನಲ್ಲಿ, ಪಾವತಿ ಇಲ್ಲದೆ.

ಕುಂದಾ ತಟ್ಟೆಯಷ್ಟಾಯಿತು. ಗಾಜಿನ ತೊಟ್ಟಿಯಲ್ಲಿ ತಿರುಗಬೇಕಾದರೆ ಎರಡೂ ಬದಿಗೆ ಚಿಪ್ಪು ತಾಗಿ ಟಕ್ ಟಕ್ ಸಪ್ಪಳ, ರಾತ್ರಿಯೆಲ್ಲ. ವಾಪಸ್ ತಗೊಳ್ಳಿರಿ ಎಂದೆ. ದೊಡ್ಡದಕ್ಕೆ ಗಿರಾಕಿ ಇಲ್ಲ ಎಂದು ನೀವು ಪುಣ್ಯದ ದಾರಿ ತೋರಿಸಿದಿರಿ: “ಖಾನಾಪುರಕ್ಕ ಹೋಗಿ ಹೊಳ್ಯಾಗ ಬಿಟ್ಟು ಬರ್ರಿ ಮಾಸ್ತರ. ಪುಣ್ಯ ಬರ್ತೈತಿ.”

ಕಪಿಲೇಶ್ವರ ಹೊಂಡ ಹತ್ತಿರವಿತ್ತು. ಗಣಪತಿ ಬಿಡುವ ಕಡೆ ಆಮೆ ಬಿಟ್ಟರೆ ನಾಲ್ಕು ಮಂದಿ ನೋಡುತ್ತಾರೆಂದು ಸಂಕೋಚ. ಖಾನಾಪುರದಲ್ಲಿ ನನ್ನ ಅಕ್ಕ ಇದ್ದಾಳೆ, ಮಲಪ್ರಭೆಯ ಹತ್ತಿರವೇ ಮನೆ. ಬಕೆಟ್ಟಿಗೆ ಒದ್ದೆ ಗೋಣಿ ಮುಚ್ಚಿ ಬಸ್ಸು ಹತ್ತಿದೆ. ಕಂಡಕ್ಟರು ಗೋಣಿ ಎತ್ತಿ ನೋಡಿ ಲಗೇಜು ಹಚ್ಚಲೋ ಅರ್ಧ ತಿಕೀಟು ಹಚ್ಚಲೋ ಎಂದು ಯೋಚಿಸಿ, ಎರಡನ್ನೂ ಬಿಟ್ಟ.

ಅಕ್ಕನಿಗೆ ಎಂಬತ್ತು ಸಮೀಪಿಸಿದೆ. ಕಟ್ಟೆಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಪುಣ್ಯದ ವಿಷಯ ವಿವರಿಸಿದೆ. ಬಕೆಟ್ಟಿನೊಳಗೆ ನೋಡಿದಳು, ನನ್ನನ್ನು ನೋಡಿದಳು. “ತಮ್ಮಾ, ನಿಮ್ಮನಿ ಕಸಾ ತಂದು ನಮ್ಮ ಹೊಳ್ಯಾಗ ಯಾಕ ಚೆಲ್ತಿ?”

ಕಸ ಅಲ್ಲ, ಜೀವ ಅಂದೆ.

“ಜೀವ ಇದ್ರ ಮನ್ಯಾಗ ಇಟ್ಕೋ. ನಮ್ಮ ಹೊಳಿ ಆಮಿ ಎಲ್ಲೆ ಹೋಗ್ಬೇಕು?”

ಆಮೆಯ ಮುಂದಿನ ಪ್ರವಾಸದ ನಕ್ಷೆ ಅಲ್ಲಿ ಕೂತಾಗಲೇ ನನ್ನ ತಲೆಗೆ ಬಂತು. ಇದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ನವಿಲುತೀರ್ಥದ ಅಣೆಕಟ್ಟಿಗೆ ನಿಂತು, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಉದ್ದಕ್ಕೂ ಬಿಸಿಲು ಕಾಯುವ ಬಂಡೆಗಳು, ದಿಮ್ಮಿಗಳು. ಒಂದೊಂದರ ಮೇಲೂ ಮೊದಲೇ ಕೂತ ಊರಿನ ಆಮೆ, ಅದನ್ನು ನೂಕಿ ಹತ್ತುವ ನಮ್ಮ ಕುಂದಾ. ಕಳಸಾ-ಬಂಡೂರಿ ಎಂದು ಈ ಹೊಳೆಗೆ ನೀರು ತರಲು ನಮ್ಮವರು ವರ್ಷಗಟ್ಟಲೆ ರಸ್ತೆಯ ಮೇಲೆ ಕೂತದ್ದು ಮಿಸಿಸಿಪ್ಪಿಯ ಬೀಗರಿಗೆ ಈಜಲಿಕ್ಕೆ ಅಲ್ಲವಷ್ಟೆ.

ಊಟ ಮಾಡಿ ಹೊರಟಾಗ ಅಕ್ಕ ಹಿತ್ತಲಿನಿಂದ ಎರಡು ಖಾನಾಪುರದ ಹೆಂಚು ತಂದು ಬಕೆಟ್ಟಿನ ಜೊತೆ ಕಟ್ಟಿದಳು. ಈ ಊರಿನ ಮಣ್ಣು ಗಡಿಗೆಗೂ ಹೆಂಚಿಗೂ ಹೆಸರಾದದ್ದು. ಮನೆಯ ಮಾಡು ಸ್ಲ್ಯಾಬ್ ಆದ ಮೇಲೆ ಉಳಿದ ಹೆಂಚುಗಳವು. “ನೀರಾಗ ಓರೆ ನಿಲ್ಸು, ಏರಿ ಕುಂಡರ್ಲಿ” ಅಂದಳು. ನಾಲ್ಕು ವರ್ಷದಲ್ಲಿ ನಿಮ್ಮಲ್ಲಿ ಕೊಂಡ ಯಾವ ವಸ್ತುವೂ ಆ ಹೆಂಚಿನಷ್ಟು ಕೆಲಸ ಮಾಡಲಿಲ್ಲ.

ಈಗ ಕುಂದಾ ಮಾಳಿಗೆಯ ಮೇಲಿದೆ. ಹಳೆಯ ಸಿಂಟೆಕ್ಸನ್ನು ಅಡ್ಡ ಕೊಯ್ಸಿ ಅರ್ಧ ನೆರಳು ಮಾಡಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಹೆಂಚು ಏರಿ ನಾಲ್ಕೂ ಕಾಲು ಚಾಚಿ ಬಿಸಿಲು ಕಾಯುತ್ತದೆ. ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಹೆಸರಿಗೆ ತಕ್ಕಂತೆ ಜಾರಿ ಬೀಳುತ್ತದೆ, ಕೈಯಲ್ಲಿ ಸೊಪ್ಪು ಕಂಡರೆ ತಿರುಗಿ ಬರುತ್ತದೆ. ಮುಟ್ಟಿದ ಮೇಲೆ ಮೊಮ್ಮಗಳು ಸಾಬೂನು ಹಚ್ಚಿ ಕೈ ತೊಳೆಯುತ್ತಾಳೆ, ಇಪ್ಪತ್ತು ಎಣಿಸುವವರೆಗೆ. ಒಂದು ಲೆಕ್ಕ ಮಾತ್ರ ಬಿಡಿಸಲಾಗದೆ ಉಳಿದಿದೆ. ಈ ಆಮೆ ಚೆನ್ನಾಗಿದ್ದರೆ ಮೂವತ್ತು ವರ್ಷ ಬದುಕುತ್ತದೆ. ಅದಕ್ಕೀಗ ನಾಲ್ಕು, ನನಗೆ ಎಪ್ಪತ್ತೊಂದು. ಮನೆ, ಹೊಲ ಯಾರಿಗೆ ಎಂದು ಮಕ್ಕಳು ಕೇಳಿದ್ದಾರೆ. ಕುಂದಾ ಯಾರಿಗೆ ಎಂದು ಇನ್ನೂ ಯಾರೂ ಕೇಳಿಲ್ಲ.

ಗಾಜಿನ ತೊಟ್ಟಿ ಉಪ್ಪು ಹಾಕಿ ತಿಕ್ಕಿ ತೊಳೆದಾಯಿತು. ನೀರು ತುಂಬಿ, ದಿನಾ ಚಿಟಿಕೆ ಫೀಡ್ ಉದುರಿಸಿ, ಫಿಲ್ಟರ್ ಓಡಿಸಿ ಆರು ವಾರವಾಯಿತು. ಬರುವ ರವಿವಾರ ನಿಮ್ಮಲ್ಲಿಗೆ ಬರುತ್ತೇನೆ, ಆರು ಗಪ್ಪಿ ಸಾಕು. ಮೊಮ್ಮಗಳೂ ಜೊತೆಗಿರುತ್ತಾಳೆ. ದಯವಿಟ್ಟು ಅವತ್ತೊಂದು ದಿನ ಗಲ್ಲೆಯ ಪಕ್ಕದ ಆ ಕೆಂಪು ಟಬ್ಬಿನ ಮೇಲೆ ಒಂದು ಚೀಲ ಮುಚ್ಚಿಡಿರಿ.

ಇತಿ ನಿಮ್ಮ ಖಾಯಂ ಗಿರಾಕಿ,
ಒಬ್ಬ ಮಾಸ್ತರ